ಮೂರನೇ ಕೂಗಿನವರೆಗೆ

ಆ ದಿನವೂ ಬೆಳಿಗ್ಗೆ ಐದೂಮುಕ್ಕಾಲಿಗೆ ಗೇಟಿನ ಬೀಗ ತೆಗೆದು, ಏರಿನ ಮೇಲೆ ಎರಡು ಬಕೆಟ್ ನೀರು ಹಾಕಿ ಕಡ್ಡಿ ಪೊರಕೆಯಿಂದ ತಳ್ಳಿದೆ. ಏರು ಎಂದರೆ ನಮ್ಮ ಗೇಟಿನಿಂದ ರಸ್ತೆಗೆ ಇಳಿಯುವ ಸಿಮೆಂಟಿನ ಇಳಿಜಾರು. ಬಸವೇಶ್ವರನಗರದ ನಮ್ಮ ಅಡ್ಡರಸ್ತೆಯಲ್ಲಿ ಒಂದು ಮಳೆಗಾಲ ಚರಂಡಿ ನೀರು ಹಾಲ್‌ನ ಸೋಫಾ ಕಾಲಿನವರೆಗೆ ಬಂದಿತ್ತು. ಆಮೇಲೆ ಕಾರು ನಿಲ್ಲಿಸುವ ಜಾಗವನ್ನೆಲ್ಲ ಮೂರಡಿ ಎತ್ತರಿಸಿದೆವು. ಎತ್ತರಿಸುವಷ್ಟು ಎತ್ತರಿಸಿದ ಮೇಲೆ ಗೇಟಿಗೂ ರಸ್ತೆಗೂ ನಡುವೆ ಉಳಿದದ್ದು ಒಂದು ಕಾರಿನ ಉದ್ದ. ಹಾಗಾಗಿ ಏರು ಕಡಿದಾಯಿತು. ಅದರ ಮೇಲೆ ರಂಗೋಲಿ ಹಾಕಲು ಕುಳಿತರೆ ಕಾಲು ಜಾರುತ್ತದೆ. ಗೇಟಿನ ಒಳಗಡೆ, ಕಾರಿನ ಎರಡು ಚಕ್ರಗಳ ನಡುವೆ ಬರುವಂತೆ, ಅಂಗೈಯಗಲದ ಒಂದು ಪದ್ಮ ಹಾಕಿ ಮುಗಿಸುತ್ತೇನೆ.

ಎದುರು ಮನೆಯಾಕೆ ಅಷ್ಟರಲ್ಲಿ ತಮ್ಮ ಗೇಟಿನ ಮುಂದೆ ಸ್ಟೂಲ್ ಹಾಕಿಕೊಂಡು ಕುಳಿತಿದ್ದರು. ನನಗಿಂತ ಹದಿನೈದು ವರ್ಷ ದೊಡ್ಡವರು, ಸ್ಕೂಲಿನಲ್ಲಿ ಟೀಚರಾಗಿದ್ದು ನಿವೃತ್ತರಾದವರು. ಬೆಳಿಗ್ಗೆ ಸೊಪ್ಪು ಸೋಸಲು, ಸಂಜೆ ಗಾಳಿಗೆಂದು ಅಲ್ಲೇ ಕೂರುತ್ತಾರೆ. ರಸ್ತೆಯಲ್ಲಿ ನಡೆಯುವುದರಲ್ಲಿ ಅವರ ಕಣ್ಣಿಗೆ ಬೀಳದೆ ಹೋಗುವುದು ಕಡಿಮೆ.

ಆರೂವರೆಗೆ ನನ್ನ ಯಜಮಾನರು ಕಾಫಿ ಕುಡಿದು, ಕಾರು ತೆಗೆದುಕೊಂಡು ವಾಕಿಂಗ್‌ಗೆ ಹೋದರು. ವಾಕಿಂಗ್‌ಗೆ ಕಾರೇಕೆ ಎಂದು ಮಗಳು ಮೊದಮೊದಲು ತಮಾಷೆ ಮಾಡುತ್ತಿದ್ದಳು. ಅವರ ಹಳೆಯ ಆಫೀಸಿನ ನಾಲ್ಕು ಜನ ಸೇರುವ ಪಾರ್ಕು ಕುರುಬರಹಳ್ಳಿಯ ಆ ಕಡೆ ಇದೆ. ಅಲ್ಲಿಯವರೆಗೆ ಕಾರು, ಅಲ್ಲಿ ಏಳು ಸುತ್ತು, ಆಮೇಲೆ ಇಡ್ಲಿಯ ಬಗ್ಗೆ ಮಾತು, ಎಂಟು ಗಂಟೆಯ ಆಸುಪಾಸಿಗೆ ವಾಪಸ್ಸು. ಎಂಟೂವರೆಗೆ ಮಗಳು ಮೆಟ್ರೋಗೆ ಹೊರಡಬೇಕು; ಅವಳ ಡಬ್ಬಿಗೆ ಅನ್ನ, ಬೇಳೆ ಎರಡನ್ನೂ ನಾನು ಎಂಟಕ್ಕೆ ಸರಿಯಾಗಿ ಕುಕ್ಕರಿನಲ್ಲಿ ಇಡುತ್ತೇನೆ. ನಮ್ಮ ಕುಕ್ಕರು ಮೂರು ಕೂಗು ಕೂಗಬೇಕು. ಎರಡಕ್ಕೆ ಇಳಿಸಿದರೆ ಬೇಳೆ ಅರೆಬೆಂದು ನಿಲ್ಲುತ್ತದೆ, ನಾಲ್ಕಾದರೆ ಅನ್ನ ಮುದ್ದೆ.

ಹೀಗೆ ಎರಡು ವರ್ಷದಿಂದ ಕುಕ್ಕರಿನ ಕೂಗು, ಕಾರಿನ ಹಾರನ್ ಎರಡೂ ಒಂದೇ ಹೊತ್ತಿಗೆ ಬರುತ್ತಿದ್ದವು. ಯಜಮಾನರು ಗೇಟಿನ ಮೂತಿಗೆ ಮೂತಿ ತಾಗುವಂತೆ ಏರಿನ ಮೇಲೆ ಕಾರು ತಂದು, ಎರಡು ಸಲ ಪೀಂ ಪೀಂ ಎನ್ನಿಸುತ್ತಾರೆ. ರಸ್ತೆಯಲ್ಲಿ ನಿಲ್ಲಿಸಿದರೆ ಹಿಂದಿನಿಂದ ಬರುವ ಡೆಲಿವರಿ ಬೈಕಿನವರು ಇವರಿಗೆ ಹಾರನ್ ಹೊಡೆಯುತ್ತಾರೆ. ಅದು ಅವರಿಗೆ ಆಗದು. ಅಡುಗೆಮನೆ ಮೊದಲ ಮಹಡಿಯಲ್ಲಿದೆ. ನಾನು "ಬಂದೆ" ಎಂದು ಕಿಟಕಿಯಿಂದ ಕೂಗಿ, ಕೂಗಿದ ಮೇಲೂ ಒಲೆಯ ಮುಂದೆಯೇ ನಿಂತಿರುತ್ತೇನೆ. ಮೂರನೇ ಕೂಗಾಗಿ, ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು, ಮೆಟ್ಟಿಲು ಇಳಿದು ಗೇಟಿನ ಎರಡು ರೆಕ್ಕೆ ತೆಗೆಯುವವರೆಗೆ ಅವರು ಏರಿನ ಮೇಲೆ ಕಾರನ್ನು ಗುರುಗುಟ್ಟಿಸುತ್ತಾ ನಿಲ್ಲಿಸಿಕೊಂಡಿರುತ್ತಾರೆ. ಆ ಗುರುಗುಟ್ಟುವಿಕೆ ನನಗೆ ಅವರ ಅಸಹನೆಯ ಸದ್ದಾಗಿ ಮಾತ್ರ ಕೇಳುತ್ತಿತ್ತು.

ಆ ದಿನ ಮೊದಲನೇ ಕೂಗಿಗೂ ಮುಂಚೆಯೇ ಹಾರನ್ ಆಯಿತು. "ಬಂದೆ" ಎಂದೆ. ಗುರುಗುಟ್ಟುವಿಕೆ ಶುರುವಾಯಿತು. ಎರಡನೇ ಕೂಗಿನ ಹೊತ್ತಿಗೆ ಅದು ಏರತೊಡಗಿತು, ಎಂಜಿನ್ನಿನ ಕತ್ತನ್ನು ಯಾರೋ ಹಿಸುಕಿದ ಹಾಗೆ. ಮೂರನೇದನ್ನು ಕೇಳಿಸಿಕೊಂಡೇ ಕೆಳಗೆ ಓಡಿ ಗೇಟು ತೆಗೆದೆ. ಕಾರು ಒಳಗೆ ಬರಲಿಲ್ಲ. ಸದ್ದು ಮಾತ್ರ ಜೋರಾಯಿತು. ಬಾನೆಟ್ ನಡುಗುತ್ತಿತ್ತು. ನೋಡುನೋಡುತ್ತಿದ್ದಂತೆ ಕಾರು ಒಂದು ಗೇಣು ಹಿಂದಕ್ಕೆ ಜಾರಿತು, ಯಜಮಾನರು ಬ್ರೇಕ್ ಒತ್ತಿದರು. ಬಾಣಲೆಯಲ್ಲಿ ಒಗ್ಗರಣೆಗೆಂದು ಇಟ್ಟ ಎಣ್ಣೆಯನ್ನು ಮರೆತಾಗ ಬರುವಂಥ ವಾಸನೆ ಬಂತು, ಅದಕ್ಕಿಂತ ಕಹಿ.

ಅವರು ಎಂಜಿನ್ ಆರಿಸಿ ಇಳಿದರು.

"ನೋಡ್ದಾ? ನಾನು ಹೇಳ್ತಾನೇ ಇರ್ಲಿಲ್ವಾ? ಗೇರ್ ಇಲ್ಲ, ಕ್ಲಚ್ ಇಲ್ಲ, ಇದೊಂದು ಗಾಡೀನಾ?"

"ಒಂದು ತಿಂಗಳಿಂದ ನಡುಗ್ತಿತ್ತಲ್ರೀ. ಆವಾಗ್ಲೇ ತೋರಿಸ್ಬೇಕಿತ್ತು."

"ತೋರ್ಸೋದೇನೂ ಬೇಡ. ಸಂಜೆ ಆರಕ್ಕೆ ಅವರು ಬರ್ತಾರಲ್ಲ, ಕೊಟ್ಬಿಡ್ತೀನಿ. ಒಂದು ಗೇರ್ ಇರೋ ಗಾಡಿ ತಗೊಳ್ಳೋಣ. ನೆಮ್ಮದಿ."

ಅವರು ಎಂದರೆ ಹಳೆಯ ಕಾರು ಕೊಳ್ಳುವ ಕಂಪನಿಯವರು. ಹಿಂದಿನ ವಾರವೇ ಯಜಮಾನರು ಅವರಿಗೆ ಫೋನ್ ಮಾಡಿ ಬರಲು ಹೇಳಿದ್ದರು. ಇನ್ನೂ ಗಟ್ಟಿ ನಿರ್ಧಾರವಾಗಿಲ್ಲ ಎಂದು ನಾನು ಸುಮ್ಮನಿದ್ದೆ. ಈಗ ಆಯಿತು.

ಎದುರು ಮನೆಯಾಕೆ ಮೆಂತ್ಯದ ಕಟ್ಟು ಬಿಚ್ಚುತ್ತಾ "ಪೆಟ್ರೋಲ್ ಮುಗೀತೇನೋ ನೋಡಿ" ಎಂದರು. ಯಜಮಾನರು ಒಳಗೆ ಹೋದರು.

ಈ ಕಾರು ಹೋದರೆ ನನಗೇನು ಹೋಗುತ್ತದೆ ಎಂಬುದನ್ನು ಇಲ್ಲಿ ಹೇಳಬೇಕು. ಒಂಬತ್ತನೇ ವಯಸ್ಸಿನಲ್ಲಿ ರಾಜಾಜಿನಗರದ ನಮ್ಮ ಕಾನ್ವೆಂಟಿನ ಮೆಟ್ಟಿಲಿನಿಂದ ಬಿದ್ದು ನನ್ನ ಎಡಗಾಲಿನ ಕಣಕಾಲು ಮುರಿದಿತ್ತು. ಕೂಡಿಕೊಂಡಿತು, ಸ್ವಲ್ಪ ಓರೆಯಾಗಿ. ನಡೆಯಲು ತೊಂದರೆಯಿಲ್ಲ, ಚಪ್ಪಲಿ ಮಾತ್ರ ಒಂದು ಕಡೆಗೆ ಬೇಗ ಸವೆಯುತ್ತದೆ. ಆದರೆ ಆ ಪಾದವನ್ನು ಬಲವಾಗಿ ಒತ್ತಿ, ಆಮೇಲೆ ನಿಧಾನವಾಗಿ ಅಳೆದು ಬಿಡಲು ಆಗುವುದಿಲ್ಲ. ಕ್ಲಚ್ ಎಂದರೆ ಅದೇ. ಮೂವತ್ತೈದರಲ್ಲಿ ವಿಜಯನಗರದ ಡ್ರೈವಿಂಗ್ ಸ್ಕೂಲೊಂದಕ್ಕೆ ಸೇರಿದ್ದೆ. ಹೊರಟ ಕಾರು ಪ್ರತಿ ಸಿಗ್ನಲ್ಲಿನಲ್ಲೂ ಗಕ್ಕೆಂದು ನಿಂತುಹೋಗುತ್ತಿತ್ತು. "ಮೇಡಂ, ನಿಮಗೆ ಸ್ಕೂಟಿ ಬೆಸ್ಟು" ಎಂದು ಕಲಿಸುವವರು ನಗುತ್ತಲೇ ಹೇಳಿದರು. ನಾನೂ ನಕ್ಕು, ಕಲಿಯುವುದನ್ನು ಬಿಟ್ಟೆ.

ಐವತ್ತು ದಾಟಿದ ಮೇಲೆ, ಎರಡು ವರ್ಷದ ಹಿಂದೆ, ಈ ಸೆಕೆಂಡ್‌ಹ್ಯಾಂಡ್ ಆಟೋಮ್ಯಾಟಿಕ್ ಬಂತು. ಮಾರಿದವರೊಬ್ಬ ವೈದ್ಯರು, ವಿದೇಶಕ್ಕೆ ಹೋಗುವವರು. ಯಜಮಾನರು ಟ್ರಾಫಿಕ್ಕಿನಲ್ಲಿ ಸುಖವಾಗುತ್ತದೆಂದು ತೆಗೆದುಕೊಂಡರು. ಒಂದು ಭಾನುವಾರ ನಾನು ಖಾಲಿ ಮೈದಾನದಲ್ಲಿ ಅದರ ಸ್ಟಿಯರಿಂಗ್ ಹಿಂದೆ ಕುಳಿತು, ಬ್ರೇಕಿನಿಂದ ಬಲಗಾಲು ಎತ್ತಿದೆ ಅಷ್ಟೆ, ಕಾರು ತಾನಾಗಿ ನಡೆಯಿತು. ಆಕ್ಸಿಲರೇಟರ್ ಮುಟ್ಟಿರಲಿಲ್ಲ. ಎಡಗಾಲು ಚಾಪೆಯ ಮೇಲೆ ಸುಮ್ಮನೆ ಇತ್ತು. ನಾಲ್ಕು ತಿಂಗಳಲ್ಲಿ ಲೈಸೆನ್ಸ್ ಆಯಿತು. ಅಂದಿನಿಂದ ಮಂಗಳವಾರ, ಶುಕ್ರವಾರ ಕೆಂಗೇರಿ ಕಡೆಯ ಒಂದು ಹಾಸ್ಟೆಲ್ಲಿಗೆ ನಾನೇ ಓಡಿಸಿಕೊಂಡು ಹೋಗುತ್ತೇನೆ. ಅಲ್ಲಿ ಕಣ್ಣು ಕಾಣದ ಹುಡುಗಿಯರಿಗೆ ಪಾಠಗಳನ್ನು ಓದಿ ಹೇಳುವುದು, ಪರೀಕ್ಷೆ ಬಂದರೆ ಅವರು ಹೇಳಿದ್ದನ್ನು ಬರೆದುಕೊಡುವುದು. ಗೇರಿನ ಕಾರು ಬಂದರೆ ನಾನು ಮತ್ತೆ ಯಾರಾದರೂ ಕರೆದುಕೊಂಡು ಹೋಗಬೇಕಾದವಳು. ಇದನ್ನು ಯಜಮಾನರಿಗೆ ಹೇಳಿರಲಿಲ್ಲವೆಂದಲ್ಲ. "ಆಟೋ ಇದ್ಯಲ್ಲ, ಮೆಟ್ರೋ ಇದ್ಯಲ್ಲ" ಎಂದಿದ್ದರು. ಹೌದು, ಇವೆ.

ಮಗಳಿಗೆ ಡಬ್ಬಿ ಕಟ್ಟಿ ಕಳಿಸಿದ ಮೇಲೆ ಇಡ್ಲಿ ಬಡಿಸುತ್ತಾ ಕೇಳಿದೆ.

"ಅಲ್ರೀ, ಏರು ಹತ್ತದಿರೋ ಗಾಡೀನ ಅವರಾದ್ರೂ ಯಾಕೆ ತಗೋತಾರೆ? ಬಂದು ನೋಡಿ ವಾಪಸ್ ಹೋಗ್ತಾರೆ. ಡಾಕ್ಟರು ಮೂಡಲಪಾಳ್ಯದ ಮೆಕ್ಯಾನಿಕ್ ನಂಬರ್ ಕೊಟ್ಟಿದ್ರಲ್ಲ."

ಅವರು ಇಡ್ಲಿಯ ತುಂಡನ್ನು ಚಟ್ನಿಯಲ್ಲಿ ಎರಡು ಸಲ ಅದ್ದಿದರು. "ಸರಿ, ನೀನೇ ಓಡ್ಸು. ನಾನು ಮುಟ್ಟಲ್ಲ ಇನ್ನು ಅದನ್ನ."

ಒಂದು ಗಂಟೆಯಲ್ಲಿ ಕಾರು ತಣ್ಣಗಾಗಿತ್ತು. ನ್ಯೂಟ್ರಲ್ಲಿಗೆ ಹಾಕಿ ಬ್ರೇಕ್ ಸಡಿಲಿಸಿದರೆ ಏರಿನಿಂದ ರಸ್ತೆಗೆ ತಾನೇ ಇಳಿಯಿತು. ಮಾಗಡಿ ರಸ್ತೆ ದಾಟುವವರೆಗೂ ಯಜಮಾನರು ಪಕ್ಕದ ಸೀಟಿನಲ್ಲಿ ಕುಳಿತು ಎರಡು ಪಾದಗಳಿಂದಲೂ ಇಲ್ಲದ ಪೆಡಲುಗಳನ್ನು ಒತ್ತುತ್ತಿದ್ದರು. ಎಡಗಾಲು ಕ್ಲಚ್ ಒತ್ತುವುದನ್ನು ಆ ದಿನ ಮೊದಲ ಬಾರಿ ಗಮನಿಸಿದೆ. ನಾನು ಬ್ರೇಕ್ ಹಿಡಿದಾಗಲೆಲ್ಲ ಅವರ ಎಡಪಾದ ಚಾಪೆಯೊಳಕ್ಕೆ ಇಳಿಯುತ್ತಿತ್ತು.

ಮೆಕ್ಯಾನಿಕ್ ಹುಬ್ಬಳ್ಳಿ ಕಡೆಯವರು. ನಲವತ್ತೈದರ ಆಸುಪಾಸು, ಕಿವಿಯ ಮೇಲೆ ಪೆನ್ಸಿಲ್. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಿಟ್ಟು ಬೇರೇನೂ ಬಿಚ್ಚುವುದಿಲ್ಲವೆಂದು ಗೋಡೆಯ ಮೇಲೆ ಬರೆಸಿದ್ದರು. ಕಾರಿನಿಂದ ನಾನು ಇಳಿದದ್ದನ್ನು ನೋಡಿ "ಬರ್ರಿ ಅಕ್ಕಾರ" ಎಂದು ನನ್ನನ್ನೇ ಮಾತನಾಡಿಸಿದರು. ಬೆಳಿಗ್ಗೆ ಆದದ್ದನ್ನು ಹೇಳಿದೆ. ಗುರುಗುಟ್ಟುವಿಕೆಯನ್ನು ಬಿಟ್ಟು ಹೇಳಿದೆನೆಂದು ಆಮೇಲೆ ಗೊತ್ತಾಯಿತು.

"ಇದರ ಕ್ಲಚ್ ಸುಟ್ಟಿದೆ," ಎಂದು ಯಜಮಾನರು ತೀರ್ಪು ಕೊಟ್ಟರು.

"ಇದಕ್ಕ ನಿಮ್ಮ ಆ ಕ್ಲಚ್ಚs ಇಲ್ಲಲ್ರಿ ಸರ. ಇದಕ್ಕಿರೂದು ಟಾರ್ಕ್ ಕನ್ವರ್ಟರ್." ಮೆಕ್ಯಾನಿಕ್ ಒಳಗಿನಿಂದ ಎರಡು ಟೇಬಲ್ ಫ್ಯಾನ್ ತಂದು ಎದುರುಬದುರು ಇಟ್ಟರು. "ತಡೀರಿ, ತೋರಸ್ತೇನಿ. ಒಂದು ಫ್ಯಾನ್ ಹಚ್ಚಿದ್ರ ಗಾಳಿಗೆ ಇನ್ನೊಂದು ತಾನs ತಿರಗತೈತಿ." ಸ್ವಿಚ್ ಒತ್ತಿದರು. ಏನೂ ಆಗಲಿಲ್ಲ. "ಕರೆಂಟ್ ಹೋತು ನೋಡ್ರಿ."

"ಸಾಬೀತಾಯ್ತು ಬಿಡಿ," ಎಂದರು ಯಜಮಾನರು.

ಮೆಕ್ಯಾನಿಕ್ ನಕ್ಕುಬಿಟ್ಟರು. ಬೆಂಚಿನ ಕೆಳಗಿನಿಂದ ನಟ್ಟು ಬೋಲ್ಟು ತುಂಬಿದ್ದ ಎರಡು ಕಬ್ಬಿಣದ ಬಟ್ಟಲುಗಳನ್ನು ಎಳೆದು, ನಟ್ಟುಗಳನ್ನು ಗೋಣಿಯ ಮೇಲೆ ಸುರಿದರು. ಅವು ಹಳೆಯ ಟಾರ್ಕ್ ಕನ್ವರ್ಟರೊಂದನ್ನು ನಡುವೆ ಕೊಯ್ದು ಮಾಡಿದ ಎರಡು ಹೋಳುಗಳು. ಒಂದೊಂದೂ ನಮ್ಮ ಮನೆಯ ದೊಡ್ಡ ಬಾಣಲೆಯಷ್ಟಿತ್ತು. ಒಳಗಡೆ ಸುತ್ತಲೂ, ಅರ್ಧ ಕೊಯ್ದ ಕಿತ್ತಳೆ ಹಣ್ಣಿನ ತಿರುಳು ತೆಗೆದು ತೊಳೆಗಳ ನಡುವಿನ ಪೊರೆಗಳನ್ನು ಮಾತ್ರ ಬಿಟ್ಟ ಹಾಗೆ, ಬಾಗಿದ ತಗಡಿನ ರೆಕ್ಕೆಗಳು. ಎರಡನ್ನೂ ಒಂದಕ್ಕೊಂದು ಮುಖ ಮಾಡಿ ಹಿಡಿದರು.

"ಈ ಬಟ್ಟಲಾ ಎಂಜಿನ್ ಕಡೀದು. ಎಂಜಿನ್ ತಿರಗಿದಂಗ ಇದು ತಿರಗತೈತಿ. ಇದು ಗೇರ್‌ಬಾಕ್ಸ್ ಕಡೀದು, ಇದು ತಿರಗಿದ್ರ ಚಕ್ರ ತಿರಗತಾವ. ಎರಡಕ್ಕೂ ನಡಕ ಹಲ್ಲಿಲ್ಲ, ಸರಪಳಿ ಇಲ್ಲ. ಒಂದಕ್ಕೊಂದು ಮುಟ್ಟೂದs ಇಲ್ಲ."

"ಮುಟ್ಟದೆ ಹೆಂಗ್ರೀ ತಿರುಗತ್ತೆ?" ಎಂದೆ.

"ನಡಕ ಎಣ್ಣಿ ಐತಲ್ರಿ! ಇಡೀ ಡಬ್ಬಿ ತುಂಬ ಎಣ್ಣಿ. ಈ ಬಟ್ಟಲಾ ತಿರಗಿದ್ರ ಎಣ್ಣಿ ಅಂಚಿಗೆ ಹಾರತೈತಿ, ಹೋಗಿ ಆ ಬಟ್ಟಲದ ರೆಕ್ಕಿಗೆ ಬಡೀತೈತಿ. ಬಡದು ಬಡದು ಅದನ್ನ ತಿರಗಸತೈತಿ."

"ಎಣ್ಣೆ ಒಂದೂಕಾಲು ಟನ್ ಗಾಡೀನ ತಳ್ಳತ್ತಾ?" ಎಂದು ಯಜಮಾನರು ನನ್ನ ಕಡೆ ನೋಡಿದರು, ಇಬ್ಬರೂ ಸೇರಿ ನಗೋಣವೆಂಬಂತೆ. ನಾನು ನಗಲಿಲ್ಲ. ಮಿಕ್ಸಿಯ ಬಗ್ಗೆ ಯೋಚಿಸುತ್ತಿದ್ದೆ. ಮಿಕ್ಸಿಯ ಮೋಟಾರಿನ ಮೇಲೆ ಹಲ್ಲುಹಲ್ಲಿನ ಒಂದು ಕಪ್ಲರ್ ಇರುತ್ತದೆ, ಅದು ಜಾರಿನ ತಳದ ಹಲ್ಲಿಗೆ ಕಚ್ಚಿಕೊಳ್ಳುತ್ತದೆ. ಗಟ್ಟಿ ಕೊಬ್ಬರಿ ಸಿಕ್ಕಿ ಬ್ಲೇಡ್ ನಿಂತರೆ ಮೋಟಾರು ನಿಲ್ಲುವುದಿಲ್ಲ, ಕಪ್ಲರಿನ ಹಲ್ಲು ಪುಡಿಯಾಗುತ್ತದೆ. ಕಚ್ಚಿಕೊಂಡಿರುವುದಕ್ಕೆ ಆ ಕಷ್ಟ. ಈ ಬಟ್ಟಲುಗಳಲ್ಲಿ ಕಚ್ಚಿಕೊಳ್ಳುವುದೇ ಇಲ್ಲ. ಸಿಗ್ನಲ್ಲಿನಲ್ಲಿ ನಾನು ಬ್ರೇಕ್ ಹಿಡಿದರೆ ಗೇರ್‌ಬಾಕ್ಸಿನ ಬಟ್ಟಲು ನಿಂತಿರುತ್ತದೆ, ಎಂಜಿನ್ನಿನ ಬಟ್ಟಲು ಅದರ ಪಾಡಿಗೆ ತಿರುಗುತ್ತಿರುತ್ತದೆ, ಎಂಜಿನ್ ಗಕ್ಕೆಂದು ನಿಲ್ಲುವುದಿಲ್ಲ. ಡ್ರೈವಿಂಗ್ ಸ್ಕೂಲಿನಲ್ಲಿ ನನ್ನ ಎಡಗಾಲು ಮಾಡಲಾರದೆ ಹೋದ ಕೆಲಸ ಇಲ್ಲಿ ಎಣ್ಣೆ ಮಾಡುತ್ತಿತ್ತು.

"ಅದಕ್ಕೇ ಬ್ರೇಕ್ ಬಿಟ್ಟ ತಕ್ಷಣ ಕಾರು ತಾನೇ ಹೊರಡೋದಾ?" ಎಂದು ಕೇಳಿದೆ.

"ಹೌದ್ರಿ ಅಕ್ಕಾರ! ಎಂಜಿನ್ ಸಣ್ಣಗ ತಿರಗಾಕತ್ತಿದ್ರೂ ಎಣ್ಣಿ ಸ್ವಲ್ಪ ಬಡೀತಿರತೈತಿ. ನೀವು ಹಿಡದೀರಿ ಅಂತ ನಿಂತಿರತೈತಿ. ಬಿಟ್ರ ಹೊಂಟು." ಅವರು ಈಗ ಪೂರ್ತಿ ನನ್ನ ಕಡೆ ತಿರುಗಿದ್ದರು. ಜೇಬಿನಿಂದ ಅಂಗೈಯಗಲದ ಇನ್ನೊಂದು ಚಕ್ರ ತೆಗೆದರು. "ನಡಕ ಇದೊಂದು ಸಣ್ಣದು. ಸ್ಟೇಟರ್ ಅಂತಾರ. ಎಣ್ಣಿ ಆ ಕಡೆ ಬಡದು ವಾಪಸ್ ಬರಬೇಕಾದ್ರ ಉಲ್ಟಾ ತಿರಗಿ ಬರತೈತಿ. ಹಂಗs ಬಂದ್ರ ಎಂಜಿನ್ನಿಗೆ ಅಡ್ಡಗಾಲು. ಇದು ಅದನ್ನ ತಿರಿವಿ, ಸರಿ ದಾರಿಗೆ ಹಚ್ಚಿ ಕಳಸತೈತಿ. ಅದಕ್ಕs ಮೊದಲ ಹೆಜ್ಜಿಗೆ, ಏರಿಗೆ, ಎಂಜಿನ್ ಕೊಟ್ಟಿದ್ದಕ್ಕಿಂತ ಜೋರ ಚಕ್ರಕ್ಕ ಸಿಗತೈತಿ."

ಮದುವೆ ಮನೆಯ ಊಟದ ಹಾಲಿನ ಬಾಗಿಲಲ್ಲಿ ಒಬ್ಬರು ಹಿರಿಯರು ನಿಂತಿರುತ್ತಾರಲ್ಲ, ಊಟ ಮುಗಿಸಿ ಬರುವವರ ಭುಜ ಹಿಡಿದು ಕೈತೊಳೆಯುವ ಕಡೆಗೆ ತಿರುಗಿಸಲು. ಅವರಿಲ್ಲದಿದ್ದರೆ ಹೊರಬರುವವರು ಒಳಹೋಗುವವರಿಗೆ ಡಿಕ್ಕಿ ಹೊಡೆದು ಬಾಗಿಲಲ್ಲೇ ಜಾತ್ರೆ. ಸ್ಟೇಟರ್ ನನಗೆ ಹಾಗೆ ಅರ್ಥವಾಯಿತು. ಪಂಕ್ತಿಯೆಲ್ಲ ಸರಾಗವಾದ ಮೇಲೆ ಆ ಹಿರಿಯರೂ ಜನರ ಜೊತೆಗೇ ನಡೆದುಬಿಡುವಂತೆ, ಕಾರು ವೇಗ ಹಿಡಿದ ಮೇಲೆ ಇದೂ ಎಣ್ಣೆಯ ಜೊತೆಗೇ ತಿರುಗುತ್ತದಂತೆ. ಇನ್ನೂ ವೇಗವಾಗಿ, ಒಂದೇ ಹದದಲ್ಲಿ ಓಡುವಾಗ ಎರಡು ಬಟ್ಟಲುಗಳನ್ನೂ ಒಂದಾಗಿ ಹಿಡಿಯುವ ಬಿಲ್ಲೆಯೊಂದಿದೆ. ಆಗ ಎಣ್ಣೆಗೆ ವಿಶ್ರಾಂತಿ.

ಮೆಕ್ಯಾನಿಕ್ ಕಾರಿನ ಕೆಳಗೆ ಮಲಗಿ ಏನೋ ಸಡಿಲಿಸಿ, ಒಂದು ಮುಚ್ಚಳದಲ್ಲಿ ಎಣ್ಣೆ ಹಿಡಿದು ತಂದರು. ಕ್ಯಾಲೆಂಡರಿನ ಹಿಂಬದಿಯ ಬಿಳಿ ಕಾಗದದ ಮೇಲೆ ಅದರ ಒಂದು ಹನಿ, ಹೊಸ ಡಬ್ಬಿಯದು ಒಂದು ಹನಿ ಬಿಟ್ಟರು. ಹೊಸದು ಆರತಿ ತಟ್ಟೆಯ ಕುಂಕುಮದ ನೀರಿನಂತೆ ಕೆಂಪಗೆ ಹರಡಿತು. ನಮ್ಮದು ಮಧ್ಯಾಹ್ನದವರೆಗೆ ಉಳಿದ ಡಿಕಾಕ್ಷನ್. ಬೆಳಗಿನದೇ ವಾಸನೆ.

"ಎಣ್ಣಿ ಸುಟ್ಟೈತಿ," ಎಂದರು. ದನಿ ಈಗ ತಮಾಷೆಯದಾಗಿರಲಿಲ್ಲ. "ಗಾಡಿ ನಿಂತೈತಿ, ಎಂಜಿನ್ ಜೋರ ತಿರಗಾಕತ್ತೈತಿ ಅಂದ್ರ ಒಂದು ಬಟ್ಟಲಾ ಓಡತೈತಿ, ಇನ್ನೊಂದು ನಿಂತೈತಿ. ನಡಕ ಎಣ್ಣಿ ಗತಿ ಏನ್ರಿ? ಕಡದೂ ಕಡದೂ ಕುದೀತೈತಿ."

ಮಿಕ್ಸಿಯಲ್ಲಿ ಬೆಣ್ಣೆ ತೆಗೆಯುವಾಗ ಐಸ್ ನೀರು ಹಾಕದಿದ್ದರೆ ಮೊಸರು ಬಿಸಿಯಾಗಿ ಬೆಣ್ಣೆಯೇ ಬರುವುದಿಲ್ಲ. ಕಡೆದರೆ ಕಾವು ಹುಟ್ಟುತ್ತದೆ. ಅದು ನನಗೆ ಹೊಸದಲ್ಲ.

"ಗಾಡೀನ ಏರಿನ ಮ್ಯಾಲ ಬ್ರೇಕ್ ಹಿಡೀದs, ಆಕ್ಸಿಲೇಟರ್ ಒತ್ತಿ ಒತ್ತಿ ನಿಲ್ಲಸೂ ರೂಢಿ ಐತೇನ್ರಿ? ಹಂಗ ಮಾಡಿದ್ರs ಇಷ್ಟು ಸುಡತೈತಿ." ನನ್ನನ್ನು ನೋಡಿಯೇ ಕೇಳಿದರು. "ಗಾಡಿ ನೀವs ಹೊಡಿಯೋರಲ್ಲೇನ್ರಿ ಅಕ್ಕಾರ?"

ಓಡಿಸಿಕೊಂಡು ಬಂದವಳು ನಾನು. ಬೇರೆ ಯಾರನ್ನು ಕೇಳಬೇಕು? ಯಜಮಾನರು ಗೋಡೆಗೆ ಒರಗಿಸಿದ್ದ ಟೈರುಗಳನ್ನು ನೋಡುತ್ತಿದ್ದರು. ಅವರ ಕಿವಿ ಕೆಂಪಾಗಿತ್ತು. ಮೂವತ್ತೆರಡು ವರ್ಷದ ಸಂಸಾರದಲ್ಲಿ ಆ ಕಿವಿಯನ್ನು ನಾನು ಮೂರು ನಾಲ್ಕು ಸಲ ನೋಡಿದ್ದೇನೆ. ಹೌದು, ನಾನೇ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಕಾರು ಕೆಡಿಸಿದವಳ ಕೈಗೆ ಮತ್ತೆ ಕಾರು ಯಾಕೆ ಎಂದು ಯಜಮಾನರು ಸಂಜೆ ಕೊಟ್ಟೂ ಬಿಡಬಹುದಿತ್ತು. ನಾನಲ್ಲ, ಇವರು ಎಂದರೆ ಹೊರಗಿನವರ ಮುಂದೆ ಅವರನ್ನು ಹಿಡಿದುಕೊಟ್ಟಂತೆ. ಸುಳ್ಳು ಹೇಳಲು ನಮ್ಮ ಕಾನ್ವೆಂಟಿನ ಸಿಸ್ಟರುಗಳು ಕಲಿಸಿರಲಿಲ್ಲ. ಎದುರಿನವರ ಮುಖ ಕೆಡಿಸುವುದನ್ನೂ ಕಲಿಸಿರಲಿಲ್ಲ. ಅಷ್ಟರಲ್ಲಿ, ಅಲ್ಲಿ ನಿಂತೇ, ನನಗೆ ಬೇರೊಂದು ಹೊಳೆಯಿತು. ಏರಿನ ಮೇಲೆ ಆ ಎಣ್ಣೆ ಕುದಿಯುತ್ತಿದ್ದಷ್ಟು ಹೊತ್ತೂ ನಾನೇನು ಮಾಡುತ್ತಿದ್ದೆ?

"ನಮ್ಮನೆ ಗೇಟ್ ತೆಗೆಯೋದು ದಿನಾ ತಡ ಆಗತ್ತೆ," ಎಂದೆ. "ಕುಕ್ಕರ್ ಮೂರು ಕೂಗೋವರೆಗೆ ನಾನು ಕೆಳಗೆ ಇಳಿಯಲ್ಲ. ಗೇಟಿನ ಮುಂದೆ ಏರಿದೆ. ಕಾರು ಅಲ್ಲೇ ಕಾಯತ್ತೆ."

ಮೆಕ್ಯಾನಿಕ್ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ತಲೆ ಕೆರೆದುಕೊಂಡರು. "ಮೂರು ಕೂಗಿಗೆ ಎಷ್ಟು ಹೊತ್ತು ಬೇಕ್ರಿ?"

"ಹಾರನ್ ಆದಮೇಲೆ ಮೂರು ನಿಮಿಷ. ಕೆಲವು ದಿನ ಐದು."

"ದಿನಾ?"

"ದಿನಾ. ಎರಡು ವರ್ಷದಿಂದ."

ಅವರು ಮೆಲ್ಲಗೆ ಸಿಳ್ಳೆ ಹಾಕಿದರು. ಟೈರುಗಳ ಕಡೆಯಿಂದ ಯಜಮಾನರ ದನಿ ಬಂತು.

"ನಾನೇರೀ ನಿಲ್ಸೋದು. ಅಭ್ಯಾಸ. ಗೇರ್ ಗಾಡೀನ ಬ್ರೇಕ್ ಮುಟ್ಟದೆ ಹಾಫ್ ಕ್ಲಚ್ಚಲ್ಲಿ ನಿಲ್ಸೋ ಹಾಗೆ. ಲೈಸೆನ್ಸ್ ಟೆಸ್ಟಲ್ಲಿ ಏರಿನ ಮೇಲೆ ಒಂದಿಂಚು ಹಿಂದೆ ಹೋಗದೆ ನಿಲ್ಸಿದ್ದೆ. ಇನ್ಸ್‌ಪೆಕ್ಟರ್ರೇ ಭೇಷ್ ಅಂದಿದ್ರು."

"ಹಂಗ ನಿಲ್ಲಸಾವ ಪಕ್ಕಾ ಡ್ರೈವರ್ ರಿ ಸರ," ಎಂದು ಮೆಕ್ಯಾನಿಕ್ ಗಂಭೀರವಾಗಿಯೇ ಹೇಳಿದರು. "ಆ ಗಾಡ್ಯಾಗ. ಈ ಗಾಡ್ಯಾಗ ಸುಮ್ನ ಬ್ರೇಕ್ ಮ್ಯಾಲ ಕಾಲಿಟ್ಟು ಕುಂದರಬೇಕು. ಬಾಳ ಹೊತ್ತಾದ್ರ ಪಾರ್ಕಿಂಗಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳದು, ಇಳದು ನೀವs ಗೇಟ್ ತೆಗೀರಲ್ಲ. ಅಕ್ಕಾರ ಅನ್ನಾ ಮಾಡ್ತಿರತಾರ."

ಎಣ್ಣೆ, ಫಿಲ್ಟರ್ ಬದಲಿಸಿ, ಎಣ್ಣೆ ತಣ್ಣಗಾಗುವ ಕೊಳವೆಗಳನ್ನು ತೊಳೆದು ಓಡಿಸಿ ನೋಡಬೇಕು, ಗೇರ್‌ಬಾಕ್ಸಿನ ಒಳಗಿನ ಬಿಲ್ಲೆಗಳೂ ಸುಟ್ಟಿದ್ದರೆ ಪೂರ್ತಿ ಬಿಚ್ಚಬೇಕಾಗುತ್ತದೆ, ಐದರ ಹೊತ್ತಿಗೆ ಹೇಳುತ್ತೇನೆ ಎಂದರು. ಕಾರು ಅಲ್ಲೇ ಬಿಟ್ಟು ಆಟೋದಲ್ಲಿ ಮನೆಗೆ ಬಂದೆವು. ದಾರಿಯಲ್ಲಿ ಯಜಮಾನರು ಒಂದೇ ಮಾತು ಆಡಿದರು: "ನೀನು ಮೂರು ಕೂಗಿಗೆ ಕಾಯ್ತಿದ್ದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಬೇಕಂತಲೇ ತಡ ಮಾಡ್ತೀಯ ಅನ್ಕೊಂಡಿದ್ದೆ." ನೀವು ಬೇಕೆಂದೇ ಗುರುಗುಟ್ಟಿಸುತ್ತೀರಿ ಎಂದುಕೊಂಡಿದ್ದೆ ಎನ್ನಬಹುದಿತ್ತು. ಆಟೋ ಹಂಪ್ ಹಾರಿತು, ನಾನು ಕಂಬಿ ಹಿಡಿದುಕೊಂಡೆ. ಆರು ಗಂಟೆಯ ವಿಷಯವನ್ನು ಇಬ್ಬರೂ ಎತ್ತಲಿಲ್ಲ.

ಮಧ್ಯಾಹ್ನ ಸಾರಿನಪುಡಿಯ ಅಳತೆಗಳನ್ನೆಲ್ಲ ಬರೆದಿಟ್ಟಿರುವ ನೋಟ್‌ಬುಕ್ಕಿನ ಖಾಲಿ ಹಾಳೆಯಲ್ಲಿ, ಎರಡು ಬಟ್ಟಲು, ನಡುವೆ ಸಣ್ಣ ಚಕ್ರ, ಎಣ್ಣೆ ಸುತ್ತುವ ಬಾಣಗಳು, ಎಲ್ಲ ಬರೆದೆ. ಸೈನ್ಸ್ ಸಿಸ್ಟರ್ ಕಲಿಸಿದ್ದಂತೆ ಪೆನ್ಸಿಲಿನಲ್ಲಿ, ಸ್ಕೇಲ್ ಇಟ್ಟು ಗೆರೆ ಎಳೆದು, ಹೆಸರುಗಳೆಲ್ಲ ಬಲಗಡೆಯೇ. ಮುಂದಿನ ಶುಕ್ರವಾರ ಹಾಸ್ಟೆಲ್ಲಿನ ಹುಡುಗಿಯರಿಗೆ ಹೇಳಬೇಕು, ಎರಡು ಬಟ್ಟಲು ಕೊಂಡೊಯ್ದು ಮುಟ್ಟಿಸಿ ಹೇಳಬೇಕು ಎಂದುಕೊಂಡೆ. ಹೇಗೆ ಹೋಗುತ್ತೇನೆ ಎಂಬುದು ಆಮೇಲೆ ನೆನಪಾಯಿತು.

ನಾಲ್ಕೂವರೆಗೆ ಯಜಮಾನರು ಮೂಡಲಪಾಳ್ಯಕ್ಕೆ ಹೊರಟರು. "ಬರ್ತೀನಿ" ಎಂದರು, ಅಷ್ಟೆ. ಐದು ದಾಟಿತು, ಐದೂಕಾಲಾಯಿತು, ಅವರಿಂದ ಫೋನಿಲ್ಲ. ಬಿಲ್ಲೆಗಳೂ ಸುಟ್ಟಿರಬೇಕು, ಅಲ್ಲಿಂದಲೇ ಕಂಪನಿಯವರಿಗೆ ಕೊಟ್ಟುಬಿಡುತ್ತಾರೇನೋ ಎಂದುಕೊಳ್ಳುತ್ತಾ ರಾತ್ರಿಗೆ ಹುಳಿಯ ಬೇಳೆ ತೊಳೆದೆ. ಐದೂವರೆಗೆ ಫೋನ್ ಬಂತು. ಗೊತ್ತಿಲ್ಲದ ನಂಬರು, ಚಿಕ್ಕ ವಯಸ್ಸಿನ ಹುಡುಗಿಯ ದನಿ.

"ಮೇಡಂ, ಕಾರ್ ಸೇಲ್ ಬಗ್ಗೆ ಮಾತಾಡ್ತಾ ಇದೀನಿ. ಸಿಕ್ಸ್ ಓ ಕ್ಲಾಕ್ ಇನ್‌ಸ್ಪೆಕ್ಷನ್ ಇತ್ತಲ್ವಾ, ಕನ್ಫರ್ಮ್ ಮಾಡೋಕೆ ಸಾರ್‌ಗೆ ಕಾಲ್ ಮಾಡಿದ್ದೆ. ಗಾಡಿ ಈಗ ಏರು ಹತ್ತತಾ ಇದೆ, ಕೊಡೋದು ಬಿಡೋದು ನಮ್ಮನೆಯವರನ್ನ ಕೇಳಿ, ಓಡಿಸೋರು ಅವರು ಅಂತ ನಿಮ್ ನಂಬರ್ ಕೊಟ್ರು. ನಮ್ಮವರನ್ನ ಕಳಿಸ್ಲಾ ಮೇಡಂ?"

ಒದ್ದೆ ಕೈಯಲ್ಲಿ ಫೋನ್ ಜಾರುತ್ತಿತ್ತು. ಇನ್ನೊಂದು ಕೈಗೆ ಬದಲಾಯಿಸಿಕೊಂಡೆ.

"ಬೇಡಮ್ಮ," ಎಂದೆ. "ಥ್ಯಾಂಕ್ಯೂ."

"ರೀಸನ್ ಏನಂತ ಹಾಕ್ಲಿ ಮೇಡಂ?"

"ಗಾಡಿ ನಮಗೆ ಬೇಕು ಅಂತ ಹಾಕಿ."

ಕುಕ್ಕರನ್ನು ಒಲೆಯ ಮೇಲಿಟ್ಟೆ. ಮೊದಲನೇ ಕೂಗಾಯಿತು. ಎರಡನೇ ಕೂಗಿನ ಹೊತ್ತಿಗೆ ರಸ್ತೆಯಲ್ಲಿ ನಮ್ಮ ಕಾರಿನ ಸದ್ದು. ಎರಡು ವರ್ಷದಲ್ಲಿ ಕಿವಿಗೆ ಗುರುತಾಗಿದೆ. ಹಾರನ್‌ಗೆ ಕಾದೆ. ಆಗಲಿಲ್ಲ. ಗುರುಗುಟ್ಟುವಿಕೆಯೂ ಇಲ್ಲ. ಕಿಟಕಿಯಿಂದ ಬಗ್ಗಿ ನೋಡಿದೆ. ಕಾರು ಏರಿನ ಕೆಳಗೆ, ಸಮತಟ್ಟಾದ ರಸ್ತೆಯಲ್ಲಿ, ಇಂಡಿಕೇಟರ್ ಮಿನುಗಿಸುತ್ತಾ ನಿಂತಿತ್ತು. ಹಿಂದೆ ಒಬ್ಬ ಡೆಲಿವರಿ ಬೈಕಿನವನು ಹಾರನ್ ಹೊಡೆದು, ಪಕ್ಕದಿಂದ ನುಸುಳಿ ಹೋದ. ಯಜಮಾನರು ಬಾಗಿಲು ತೆಗೆದು ಇಳಿದರು. ಇಳಿದವರು ಮತ್ತೆ ಒಳಗೆ ಬಗ್ಗಿ ಹ್ಯಾಂಡ್‌ಬ್ರೇಕ್ ಎಳೆದಿದೆಯೇ ಎಂದು ಮುಟ್ಟಿ ನೋಡಿದರು. ಮಂಡಿಯ ಮೇಲೆ ಕೈಯೂರಿ ಏರು ಹತ್ತಿ, ಗೇಟಿನ ಒಂದು ರೆಕ್ಕೆ ತೆಗೆದರು. ಎರಡನೆಯದರ ಚಿಲಕ ಎಲ್ಲಿದೆಯೆಂದು ಗೊತ್ತಿಲ್ಲದೆ ಹುಡುಕುತ್ತಾ ನಿಂತರು.

ಮೂರನೇ ಕೂಗಾಯಿತು. ನಾನು ಒಲೆ ಆರಿಸಿ ಅಲ್ಲೇ ನಿಂತೆ.

ಎದುರು ಮನೆಯಾಕೆ ಸ್ಟೂಲಿನಿಂದ ಏಳದೆಯೇ ಕೇಳಿದರು: "ಏನ್ ಯಜಮಾನ್ರೇ, ಹಾರನ್ ಕೆಟ್ಟೋಯ್ತಾ?"